ಹೆಗಲ ಮೇಲೆ ಉಳಿದ ಗುಂಡು

ನಾನು ಒಂದು ಉಕ್ಕಿನ ಗುಂಡು. ಬಂದೂಕನ್ನು ನೆನೆದು ಹೆದರಬೇಡಿ, ನಾನು ಆ ಜಾತಿಯದಲ್ಲ. ಮದುವೆ ಮನೆಯ ಲಾಡುವಿನಷ್ಟು ದಪ್ಪ, ಕೈಯಲ್ಲಿ ಹಿಡಿದರೆ ಚೆನ್ನಾಗಿ ಭಾರ. ಮೈಮೇಲೆ ಎರಡು ರೈಲ್ವೆ ಸ್ಟೇಷನ್ನುಗಳ ಹೆಸರು ಕೊರೆದಿದ್ದಾರೆ. ಒಂದು ಕರಡಿಗಟ್ಟಿ, ಇನ್ನೊಂದು ಬಿಳಿಹಳ್ಳ. ದೊಡ್ಡ ಯುದ್ಧ ಮುಗಿದ ಮರುವರ್ಷ ದೂರದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಎರಕ ಹೊಯ್ದು, ಉಜ್ಜಿ, ತೂಕ ನೋಡಿ ಈ ಕಡೆಗೆ ಕಳಿಸಿದರು. ಅಂದಿನಿಂದ ಈ ಎರಡು ಊರುಗಳ ನಡುವಿನ ಹಾದಿಯೇ ನನ್ನ ಲೋಕ. ಇದಕ್ಕಿಂತ ಆಚೆ ಏನಿದೆಯೋ ನನಗೆ ಗೊತ್ತಿಲ್ಲ, ತಿಳಿಯುವ ಚಪಲವೂ ಇಲ್ಲ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಆ ಎರಡು ಊರುಗಳ ನಡುವೆ ಇದ್ದದ್ದು ಒಂದೇ ಹಳಿ. ಎದುರು ಬದುರು ಎರಡು ಗಾಡಿ ಬಂದರೆ ಗತಿ ಏನು? ಅದಕ್ಕೇ ಎರಡೂ ಸ್ಟೇಷನ್ನಿನಲ್ಲಿ ಒಂದೊಂದು ಕೆಂಪು ಪೆಟ್ಟಿಗೆ ಇಟ್ಟಿದ್ದರು. ಅವೆರಡಕ್ಕೂ ತಂತಿಯ ನಂಟು. ಪೆಟ್ಟಿಗೆಯೊಳಗೆ ನನ್ನಂಥ ಗುಂಡುಗಳು. ಒಂದು ಕಡೆ ಒಂದು ಗುಂಡು ಹೊರಬಿದ್ದರೆ ಸಾಕು, ಅದು ಯಾವುದಾದರೂ ಒಂದು ಪೆಟ್ಟಿಗೆಗೆ ಮರಳಿ ಬೀಳುವ ತನಕ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ. ಹಾಗೆ ಹೊರಬಿದ್ದ ಗುಂಡು ಯಾವ ಡ್ರೈವರನ ಕೈಯಲ್ಲಿದೆಯೋ ಅವನಿಗೆ ಮಾತ್ರ ಹಳಿಯ ಮೇಲೆ ಹಕ್ಕು. ನಾನಿಲ್ಲದೆ ಎಂಥ ಮೇಲ್ ಗಾಡಿಯೂ ಒಂದು ಗಾಲಿ ಉರುಳಿಸುವಂತಿರಲಿಲ್ಲ. ನನ್ನ ಮಾತಿನಲ್ಲಿ ಸ್ವಲ್ಪ ಗತ್ತು ಕಂಡರೆ ಕ್ಷಮಿಸಿ, ಅದು ಆ ಕಾಲದ ಅಭ್ಯಾಸ.

ನನ್ನನ್ನು ಒಂದು ತೊಗಲಿನ ಚೀಲದಲ್ಲಿ ಹಾಕಿ, ಆ ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟುತ್ತಿದ್ದರು. ಗಾಡಿ ನಿಲ್ಲದೆ ಹೋಗುವಾಗ ಕೆಳಗಿನವನು ಬಳೆ ಎತ್ತಿ ಹಿಡಿಯಬೇಕು, ಡ್ರೈವರ್ ವೇಗ ತಗ್ಗಿಸಿ, ಹೊರಗೆ ಬಾಗಿ, ತೋಳು ತೂರಿಸಿ ಎಳೆದುಕೊಳ್ಳಬೇಕು. ಕರಡಿಗಟ್ಟಿಯಲ್ಲಿ ಈ ಕೆಲಸ ಪಾಯಿಂಟ್ಸ್‌ಮನ್ ಭರಮಪ್ಪನದು. ಬಂದ ಗಾಡಿಯಿಂದ ನನ್ನನ್ನು ಇಸಿದುಕೊಂಡರೆ ಬಳೆಯನ್ನು ಹೆಗಲಿಗೆ ಏರಿಸಿ ಗತ್ತಿನಿಂದ ಸ್ಟೇಷನ್ ಮಾಸ್ತರರ ಕೋಣೆಗೆ ಬರುತ್ತಿದ್ದ. ಅಲ್ಲಿ ಹುದ್ದಾರ ಮಾಸ್ತರರು ಬರೆಯುತ್ತ ಕೂತಿರುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ಎಡಗೈ ಮಾತ್ರ ಮುಂದೆ ಚಾಚಿ, "ಹೂಂ, ಕೊಡು" ಎನ್ನುತ್ತಿದ್ದರು. ಭರಮಪ್ಪ ಕೊಡುತ್ತಿದ್ದ. ಮಾಸ್ತರರು ನನ್ನನ್ನು ಪೆಟ್ಟಿಗೆಗೆ ಹಾಕಿದರೆ ಗಂಟೆ ಮೊಳಗುತ್ತಿತ್ತು. ವರ್ಷಾನುಗಟ್ಟಲೆ ಹೀಗೇ ನಡೆಯಿತು. ಅವರಿಬ್ಬರ ಸ್ನೇಹಕ್ಕೆ ಬೇರೆ ಮಾತೇ ಬೇಕಿರಲಿಲ್ಲ.

ಆಮೇಲೆ ಸಾವಿರದ ಒಂಬೈನೂರ ಎಪ್ಪತ್ತನಾಲ್ಕು ಬಂತು.

ಆ ವರ್ಷ ದೇಶದ ರೈಲ್ವೆ ನೌಕರರೆಲ್ಲ ಮುಷ್ಕರ ಹೂಡುವ ಮಾತು ಎದ್ದಿತು. ಸಂಬಳ, ಬೋನಸ್ಸು, ಎಂಟು ತಾಸಿನ ಡ್ಯೂಟಿ ಇವೇ ಬೇಡಿಕೆ. ಸರಕಾರ ಜಗ್ಗಲಿಲ್ಲ, ಮುಂದಾಳುಗಳನ್ನು ಮೊದಲೇ ಹಿಡಿದು ಒಳಗೆ ಹಾಕಿತು. ಭರಮಪ್ಪ ಒಂದು ಮಧ್ಯಾಹ್ನ ಮಾಸ್ತರರ ಮುಂದೆ ನಿಂತು ಹೇಳಿದ:

"ಮಾಸ್ತರ, ನೀವೂ ನಮ್ಮ ಜೋಡಿ ಬರ್ರಿ. ಹನ್ನೆರಡ ತಾಸು ನಿಂತು ನಿಂತು ನನ್ನ ಕಾಲು ಬಾತಾವ. ನಿಮಗರ ಏನ್ ಸುಖ ಐತಿ?"

"ನಾ ಬರಂಗಿಲ್ಲಪಾ. ಗಾಡಿ ನಿಂತ್ರ ಊರಿಗೆ ಕಾಳು ಹೆಂಗ ಬರಬೇಕು?"

"ಹಂಗಂದ್ರ ನಾವು ಊರಿನ ವೈರಿಗಳೇನು? ಸರಕಾರದ ಬಾಲಾ ಹಿಡ್ಕೊಂಡು ಹೊಂಟೀರಿ ನೋಡ್ರಿ ನೀವು!"

ಮಾಸ್ತರರ ಮುಖ ಕೆಂಪಗಾಯಿತು. "ಇನ್ನ ನಿನ್ನ ಜೋಡಿ ನನಗ ಮಾತಿಲ್ಲ" ಎಂದರು. ಅಲ್ಲಿಗೆ ಮುಗಿಯಿತು. ತಲೆಗೂದಲು ನೆರೆತ ಇಬ್ಬರೂ ಟೂ ಬಿಟ್ಟ ಮಕ್ಕಳಂತೆ ಒಬ್ಬರಿಗೊಬ್ಬರು ಮುಖ ಕೊಡದೆ ಓಡಾಡತೊಡಗಿದರು. ಭರಮಪ್ಪ ನನ್ನನ್ನು ತಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದ. ಚಾಚಿದ ಕೈಯೂ ಇಲ್ಲ, ಕೊಡು ಎನ್ನುವ ಮಾತೂ ಇಲ್ಲ. ನನಗೆ ಅದು ಸರಿಬರಲಿಲ್ಲ.

ಮೇ ಎಂಟನೇ ತಾರೀಖು ಬೆಳಿಗ್ಗೆ ಆರಕ್ಕೆ ಮುಷ್ಕರ ಶುರುವಾಗಬೇಕಿತ್ತು. ಅದಕ್ಕೆ ತುಸು ಮೊದಲು ಬಿಳಿಹಳ್ಳದಿಂದ ಒಂದು ಗಾಡಿ ಬಂತು. ಭರಮಪ್ಪ ನನ್ನನ್ನು ಇಸಿದುಕೊಂಡು, ಬಳೆಯನ್ನು ಹೆಗಲಿಗೇರಿಸಿ, ಮಾಸ್ತರರ ಬಾಗಿಲಿಗೆ ಬಂದು ನಿಂತ. ಇವತ್ತಾದರೂ ಕೇಳಲಿ ಎಂಬ ಹಟ ಅವನದು. ಮಾಸ್ತರರು ಬರೆಯುತ್ತಲೇ ಇದ್ದರು. ಕೇಳಲಿಲ್ಲ. ಅಷ್ಟರಲ್ಲಿ ಹೊರಗೆ ಪೊಲೀಸ್ ಜೀಪು ಬಂದ ಸದ್ದು. ಯಾರೋ, "ಭರಮಪ್ಪಣ್ಣಾ, ಹಿಡ್ಯಾಕ ಬಂದ್ರೋ!" ಎಂದು ಕೂಗಿದರು. ಭರಮಪ್ಪ ಹಿಂದೆ ಮುಂದೆ ನೋಡದೆ ಓಟ ಕಿತ್ತ. ಹಳಿ ಪಕ್ಕದ ತನ್ನ ಕ್ವಾರ್ಟರ್ಸಿಗೆ ನುಗ್ಗಿ, ಅಂಗಿ ತೆಗೆದು ಹಾಕುವ ಗೂಟಕ್ಕೆ ಅರಿವಿಲ್ಲದೆ ನನ್ನನ್ನು ಹಾಕಿ, ಹಿತ್ತಿಲ ಬಾಗಿಲಿನಿಂದ ಹೊಲದ ಕಡೆ ಮಾಯವಾದ. ಹೆಗಲ ಮೇಲೆ ನಾನಿದ್ದೆ ಎಂಬುದೇ ಅವನಿಗೆ ನೆನಪಿರಲಿಲ್ಲ. ದಿನಾ ಹೊತ್ತು ಹೊತ್ತು ನಾನು ಅವನ ಮೈಯ ಭಾಗವೇ ಆಗಿಬಿಟ್ಟಿದ್ದೆ.

ಅವನ ಹೆಂಡತಿ ಸಾತವ್ವ ಒಲೆಯ ಮುಂದಿದ್ದವಳು ತಿರುಗಿ ಗೂಟ ನೋಡಿದಳು. ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ನಾನು ಯಾರು, ಎಲ್ಲಿರಬೇಕಾದವನು ಎಂದು ಅವಳಿಗೆ ಚೆನ್ನಾಗಿ ಗೊತ್ತು. ತಕ್ಷಣ ನನ್ನನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಆದರೆ ಜೀಪು ಆಗಲೇ ಕ್ವಾರ್ಟರ್ಸಿನ ಕಡೆ ತಿರುಗಿತ್ತು. ಗಂಡನ ಹಿಂದೆ ಪೊಲೀಸರು, ಕೈಯಲ್ಲಿ ರೈಲ್ವೆಯ ಗುಂಡು. ಒಳಗೆ ಓಡಿ ನನ್ನನ್ನು ಚೀಲದಿಂದ ತೆಗೆದು ಹುಣಸೆಹಣ್ಣಿನ ಗಡಿಗೆಯಲ್ಲಿ ತುರುಕಿದಳು. ಬಳೆಯನ್ನು ಎಲ್ಲಿ ಮುಚ್ಚಿಡುವುದು? ಅದನ್ನು ತೊಲೆಗೆ ಹಗ್ಗದಿಂದ ನೇತುಹಾಕಿ, ಚೀಲ ಕಾಣದಂತೆ ಅದರಲ್ಲಿ ಮೊಸರಿನ ಮಡಕೆ ಕೂರಿಸಿಬಿಟ್ಟಳು. ಒಂದು ಗಳಿಗೆಯಲ್ಲಿ ರೈಲ್ವೆಯ ಬಳೆ ಮನೆಯ ನೆಲುವಾಯಿತು.

ಪೊಲೀಸ್ ಸಾಹೇಬರು ಒಳಗೆ ಬಂದು ಅದಕ್ಕೇ ತಲೆ ಬಡಿಸಿಕೊಂಡರು. ಮೊಸರು ತುಳುಕಿ ಟೋಪಿಯ ಮೇಲೆ ಬಿತ್ತು. ನಗುವ ಸಮಯವಾಗಿದ್ದರೆ ನಾನು ಗಡಿಗೆಯಲ್ಲೇ ಉರುಳಾಡಿ ನಗುತ್ತಿದ್ದೆ.

"ನಿನ್ನ ಗಂಡ ಗುಂಡು ಕದ್ದುಕೊಂಡು ಹೋಗ್ಯಾನ. ಗಾಡಿ ನಿಲ್ಲಿಸಾಕ ಹೂಡಿದ ಸಂಚು ಇದು. ಸಿಕ್ಕರ ಜಾಮೀನು ಸುದ್ಧಾ ಇಲ್ಲ, ತಿಳೀತಿಲ್ಲೋ?" ಎಂದು ಗದರಿದರು.

ಅವರ ಹಿಂದೆ ಹುದ್ದಾರ ಮಾಸ್ತರರು ನಿಂತಿದ್ದರು. "ಸಾತವ್ವಾ, ಗುಂಡು ನಿಮ್ಮ ಮನ್ಯಾಗ ಅದ ಏನವಾ?" ಎಂದು ಮೆಲ್ಲಗೆ ಕೇಳಿದರು.

"ನನಗೇನ ಗೊತ್ರೀ, ನಾ ಒಲಿ ಮುಂದ ಇದ್ದಾಕಿ" ಎಂದಳು ಸಾತವ್ವ.

ಮಾಸ್ತರರು ತಲೆ ಎತ್ತಿ ನೆಲುವನ್ನು ನೋಡಿದರು. ಅಷ್ಟು ವರ್ಷ ದಿನಾ ಕಂಡ ಬಳೆ ಅವರಿಗೆ ಗುರುತು ಸಿಗದೆ ಇರುತ್ತದೆಯೇ? ನೋಡಿದರು, ನೋಡಿ ಕಣ್ಣು ಕೆಳಗೆ ಹಾಕಿದರು. "ಇಲ್ಲೆ ಏನೂ ಕಾಣವಲ್ದು ಸಾಹೇಬ್ರ, ಬರ್ರಿ" ಎಂದು ಹೊರಗೆ ನಡೆದರು.

ಅಂದಿನಿಂದ ಸ್ಟೇಷನ್ನಿಗೆ ಪೊಲೀಸ್ ಕಾವಲು ಬಿತ್ತು. ಸಾತವ್ವ ತನ್ನ ಹೆಣ್ಣುಮಕ್ಕಳಿಬ್ಬರನ್ನೂ ತವರಿಗೆ ಕಳಿಸಿ ಒಬ್ಬಳೇ ಉಳಿದಳು. ಮತ್ತೆ ಹುಡುಕಲು ಬಂದಾರು ಎಂದು ನನ್ನನ್ನು ಗಡಿಗೆಯಿಂದ ತೆಗೆದು ಸೀರೆಯ ಉಡಿಯಲ್ಲಿ ಕಟ್ಟಿಕೊಂಡೇ ಓಡಾಡತೊಡಗಿದಳು. ಅಷ್ಟರಲ್ಲೇ ಹುಣಸೆ ನನ್ನ ಮೈಮೇಲೆ ಕಪ್ಪನೆಯ ಕಲೆ ಬಿಟ್ಟಿತ್ತು. ಮಾಸ್ತರರು ಗುಟ್ಟಾಗಿ ಕೇಳಲಿ, ಕೊಟ್ಟುಬಿಡುತ್ತೇನೆ ಎಂದು ಇವಳು ಕಾದಳು. ಇವಳೇ ತಂದುಕೊಡಲಿ ಎಂದು ಅವರು ಕಾದರೇನೋ. ಹಳೆಯ ತಪ್ಪು ಮತ್ತೊಮ್ಮೆ ನಡೆಯುತ್ತಿತ್ತು. ನನಗೆ ಬಾಯಿ ಇದ್ದಿದ್ದರೆ ಇಬ್ಬರಿಗೂ ನಾಲ್ಕು ಮಾತು ಬಯ್ಯುತ್ತಿದ್ದೆ.

ಊರಾಚೆಯ ಹಾಳುಬಿದ್ದ ಇಟ್ಟಂಗಿ ಭಟ್ಟಿಯಲ್ಲಿ ಭರಮಪ್ಪ ಅಡಗಿದ್ದ. ಒಂದು ದಿನ ಸಾತವ್ವ ಸೌದೆ ಆರಿಸುವವಳಂತೆ ಹೋಗಿ ಅವನಿಗೆ ರೊಟ್ಟಿ ಕೊಟ್ಟಳು, ಉಡಿ ಬಿಚ್ಚಿ ನನ್ನನ್ನು ತೋರಿಸಿದಳು. ಅವನು ರೊಟ್ಟಿ ಕೆಳಗಿಟ್ಟ.

"ಇದು ನಿನ್ನ ಕೈಯಾಗ ಹೆಂಗ ಬಂತ?"

"ನಿಮ್ಮ ಹೆಗಲ ಮ್ಯಾಲ ಕುಂತು ಬಂತು. ನೀವ ಗೂಟಕ್ಕ ಹಾಕಿ ಓಡಿದ್ರಿ."

ಅವನು ನನ್ನನ್ನು ಕೈಗೆ ತೆಗೆದುಕೊಂಡು ನೋಡಿದ. "ಮಾಸ್ತರ ಕೇಳಿದ್ರ ಕೊಡತಿದ್ನಿ. ಕೇಳಲಿಲ್ಲ" ಎಂದ. ಆಮೇಲೆ ಅವನ ಮುಖ ಒಂದಿಷ್ಟು ಅರಳಿತು. "ಇರಲಿ ಬಿಡು. ಇದು ಪೆಟ್ಟಿಗ್ಯಾಗ ಬೀಳೂತನಕ ಒಂದ ಗಾಡಿ ಹೊಂಡಂಗಿಲ್ಲ."

ಆ ಮಾತಿಗೆ ಉತ್ತರ ಕೊಟ್ಟಂತೆ ದೂರದಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಭರಮಪ್ಪ ಎದ್ದು ನಿಂತ. "ಇದಿಲ್ದ ಹೆಂಗ ಬಿಟ್ರು?"

"ಫೋನ್ ಮ್ಯಾಲೆ ಮಾತಾಡಿ, ಚೀಟಿ ಬರದು ಬಿಡಾಕತ್ತಾರ. ಮಾಸ್ತರ ಒಬ್ರ ಅದಾರ, ಬದಲಿಗೆ ಯಾರೂ ಇಲ್ಲ. ಕುರ್ಚಿ ಮ್ಯಾಲೆ ತೂಕಡಸ್ತಾರಂತ. ನನಗ ಜೀವ ತಡೀವಲ್ದು ನೋಡ್ರಿ. ನಾ ಇದನ್ನ ಕೊಟ್ಟ ಬರ್ತೀನಿ."

"ಕೊಟ್ರ ನಾ ಕದ್ದೆ ಅಂತ ಒಪ್ಪಿಕೊಂಡಂಗ ಆತು. ಜೇಲಿಗೆ ಹಾಕ್ತಾರ. ನೌಕರಿ, ಮನಿ, ಎಲ್ಲಾ ಹೊಕ್ಕಾವ. ಬ್ಯಾಡ. ಬೇಕಾದ್ರ ಅವರ ಬಂದು ಕೇಳ್ಲಿ."

ಸಾತವ್ವ ನನ್ನನ್ನು ಉಡಿಗೆ ಕಟ್ಟಿಕೊಂಡು ಮರಳಿದಳು. ಆ ದಿನಗಳಲ್ಲಿ ಪ್ರತಿ ಗಾಡಿಯ ಸದ್ದಿಗೂ ಅವಳ ಕೈ ಉಡಿಯಲ್ಲಿದ್ದ ನನ್ನ ಮೇಲೆ ಬರುತ್ತಿತ್ತು. ಗಾಡಿ ಹೋಗಿ ಸದ್ದು ಅಡಗುವ ತನಕ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಒಂದು ಕಡೆ ಗಂಡನ ಜೀವನ, ಇನ್ನೊಂದು ಕಡೆ ಗಾಡಿ ತುಂಬ ಜನ. ಇವೆರಡರ ನಡುವೆ ನಾನು. ನನ್ನ ಭಾರ ನನಗೇ ಹೆಚ್ಚೆನಿಸಿದ್ದು ಆಗ ಮಾತ್ರ.

ಕೊನೆಗೂ ಆ ಮಧ್ಯಾಹ್ನ ಬಂತು. ಸ್ಟೇಷನ್ನಿನಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಬಿಳಿಹಳ್ಳದವರು ಫೋನ್ ಮಾಡಿ ಗೂಡ್ಸ್ ಗಾಡಿ ಬಿಡಲೇ ಎಂದು ಕೇಳಿದರಂತೆ, ಹುದ್ದಾರ ಮಾಸ್ತರರು ಬಿಡಿ ಎಂದರಂತೆ. ಎಷ್ಟೋ ದಿನಗಳಿಂದ ನೆಟ್ಟಗೆ ನಿದ್ದೆ ಕಾಣದ ಜೀವ. ಫೋನ್ ಇಟ್ಟವರೇ ಕೂತಲ್ಲೇ ಕಣ್ಣು ಮುಚ್ಚಿದರು. ಎಚ್ಚರವಾದಾಗ ಎದುರಿಗೆ ಬಿಳಿಹಳ್ಳದ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ನಿಂತಿತ್ತು, ಜನ ಕೂಗಾಡುತ್ತಿದ್ದರು. ಗೂಡ್ಸ್ ಆಗಲೇ ಬಂದು ದಾಟಿದೆ, ಬಿಳಿಹಳ್ಳವನ್ನು ಕೇಳಿಯೂ ಆಗಿದೆ ಎಂದು ಮಂಪರು ಕವಿದ ಅವರ ತಲೆ ಹೇಳಿತು. ಚೀಟಿ ಬರೆದು ಡ್ರೈವರನ ಕೈಗೆ ಕೊಟ್ಟರು, ಗಾಡಿ ಹೊರಡಲೆಂದು ಸಿಗ್ನಲ್ ಇಳಿಸಿದರು.

ಸಾತವ್ವ ಹಿತ್ತಿಲಲ್ಲಿ ಸೀರೆ ಒಣಹಾಕುತ್ತಿದ್ದಳು. ಗುಡ್ಡದ ತಿರುವಿನ ಆಚೆ, ಬಿಳಿಹಳ್ಳದ ದಿಕ್ಕಿನಲ್ಲಿ, ಹೊಗೆ ಕಂಡಿತು. ಬರುವ ಗಾಡಿ ಎಂದುಕೊಂಡಳು. ಅದೇ ಹೊತ್ತಿಗೆ ಬೆನ್ನ ಹಿಂದೆ, ಸ್ಟೇಷನ್ನಿನಿಂದ, ಹೊರಡುವ ಸಿಳ್ಳು. ತಿರುಗಿ ನೋಡಿದರೆ ಪ್ಯಾಸೆಂಜರ್ ಚಲಿಸತೊಡಗಿತ್ತು. ಎರಡೂ ಒಂದೇ ಹಳಿಯ ಮೇಲೆ!

ಓಡಿ ಒಳಗೆ ಬಂದಳು. ಮೂಲೆಯಲ್ಲಿ ಭರಮಪ್ಪನ ಕೆಂಪು ಬಾವುಟವಿತ್ತು. ಅದಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಆ ದಿನಗಳಲ್ಲಿ ಕೆಂಪು ಬಾವುಟಕ್ಕೆ ಎಲ್ಲಿಯ ಬೆಲೆ? ಮುಷ್ಕರದವರು ಊರೂರಲ್ಲಿ ಹಳಿಯ ಪಕ್ಕ ಅದನ್ನೇ ಬೀಸುತ್ತಿದ್ದರು. ಕೆಂಪು ಕಂಡರೆ ನಿಲ್ಲಿಸಬೇಡಿ, ಜೋರಾಗಿ ಹೊಡೆಯಿರಿ ಎಂದು ನಮ್ಮ ಹಾದಿಯ ಡ್ರೈವರುಗಳಿಗೆ ಹೇಳಿಕೊಟ್ಟಿದ್ದರು. ಎಂಜಿನ್ನಿನಲ್ಲಿ ಬಂದೂಕಿನ ಕಾವಲಿನವನು ಬೇರೆ ಇರುತ್ತಿದ್ದ. ಸಾತವ್ವ ಕೆಂಪು ಬಾವುಟ ಬೀಸಿದ್ದರೆ ಆ ಗಾಡಿ ಇನ್ನೂ ಬೇಗ ಸಾವಿನ ಕಡೆ ಓಡುತ್ತಿತ್ತು.

ಅವಳು ತಲೆ ಎತ್ತಿದಳು. ನೆಲುವು ಕಂಡಿತು. ಎರಡೂ ಕೈಯಿಂದ ಜಗ್ಗಿದಳು. ಮಡಕೆ ಬಿದ್ದು ಒಡೆದು ಮನೆ ತುಂಬ ಮೊಸರಾಯಿತು. ಉಡಿಯಿಂದ ನನ್ನನ್ನು ಕಿತ್ತು ಬಳೆಯ ಚೀಲದಲ್ಲಿ ಹಾಕಿ, ಬಳೆ ಹಿಡಿದು, ಹಳಿಯ ಕಡೆ ಓಡಿದಳು. ಗಂಡ ನಿಲ್ಲುವ ರೀತಿ ಅವಳಿಗೆ ಬಾಯಿಪಾಠವಾಗಿತ್ತು. ಕಾಲು ಅಗಲಿಸಿ, ಮೈ ಒಂದಿಷ್ಟು ಹಿಂದಕ್ಕೆ ಬಾಗಿಸಿ, ತಲೆಗಿಂತ ಮೇಲೆ ಬಳೆ ಎತ್ತಿ ನಿಂತಳು. ಎಂಜಿನ್ನು ಬುಸುಗುಡುತ್ತ ಬಂತು. ಕಾವಲಿನವನು ಬಂದೂಕು ಎತ್ತಿದ್ದು ನನಗೆ ಕಂಡಿತು. ಅವಳ ಕೈ ಕೆಳಗೆ ಇಳಿಯಲಿಲ್ಲ.

ಡ್ರೈವರ್ ಯತಿರಾಜಲು ಪಿಂಚಣಿಗೆ ಹತ್ತಿರವಾದ ಮನುಷ್ಯ. ಬಳೆ ಹಿಡಿದವರು ಗಂಡೋ ಹೆಣ್ಣೋ ಎಂದು ಅವರ ಕಣ್ಣು ನೋಡುವ ಮೊದಲೇ ಕೈ ತನ್ನ ಕೆಲಸ ಮಾಡಿತು. ಎತ್ತಿ ಹಿಡಿದ ಬಳೆಯನ್ನು ಬಿಟ್ಟು ಹೋಗುವುದು ಹಳೆಯ ಡ್ರೈವರನ ಮೈಗೆ ಸಾಧ್ಯವೇ ಇಲ್ಲ. ವೇಗ ತಗ್ಗಿತು, ಅವರು ಹೊರಗೆ ಬಾಗಿದರು, ತೋಳು ತೂರಿತು, ನಾನು ಎಂಜಿನ್ನಿನೊಳಗೆ ಬಂದೆ. ಚೀಲ ಬಿಚ್ಚಿ ನನ್ನನ್ನು ನೋಡಿದವರು ಬೆರಗಾದರು. ಜೇಬಿನಲ್ಲಿ ಚೀಟಿ, ಕೈಯಲ್ಲಿ ಗುಂಡು. ಎರಡೂ ಇರುವುದು ಹೇಗೆ ಸಾಧ್ಯ? ಕೆಳಗೆ ಸಾತವ್ವ ಎಂಜಿನ್ನಿನ ಜೊತೆಗೇ ಓಡುತ್ತಿದ್ದಳು.

"ಅಣ್ಣಾರ, ನಿಲ್ಲಸ್ರೀ! ಎದುರಿಗೆ ಗೂಡ್ಸ್ ಬರಾಕತ್ತೈತ್ರೀ!"

ಯತಿರಾಜಲು ಬ್ರೇಕ್ ಹಾಕಿ ಸಿಳ್ಳಿನ ಹಗ್ಗಕ್ಕೆ ಜೋತುಬಿದ್ದರು. ಗಾಡಿ ಕಿರುಚುತ್ತ ನಿಂತಿತು. ಸಿಳ್ಳು ನಿಲ್ಲಲಿಲ್ಲ. ಗುಡ್ಡದ ತಿರುವಿನಲ್ಲಿ ಗೂಡ್ಸಿನ ಕಪ್ಪು ಮೋರೆ ಕಾಣಿಸಿತು. ಅದರ ಗಾಲಿಗಳಿಂದ ಕಿಡಿ ಹಾರುತ್ತಿತ್ತು. ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಗಾಡಿಯ ಜನ ಕಿಟಕಿಯಿಂದ ಹಾರತೊಡಗಿದರು. ಕೊನೆಗೆ ಅದೂ ನಿಂತಿತು. ಎರಡು ಎಂಜಿನ್ನುಗಳ ನಡುವೆ ಎತ್ತಿನ ಗಾಡಿಯೊಂದು ಅಡ್ಡ ನಿಲ್ಲುವಷ್ಟು ಜಾಗ ಉಳಿದಿತ್ತು. ಸಾತವ್ವ ಜಲ್ಲಿಕಲ್ಲಿನ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನೂ ಅತ್ತೆ ಎಂದರೆ ನಂಬಿ.

ಸಂಜೆಯ ಹೊತ್ತಿಗೆ ದೊಡ್ಡ ಅಧಿಕಾರಿಗಳು ಬಂದರು. ಮಾಸ್ತರರ ಮೇಜಿನ ಮೇಲೆ ನಾನು. ಬಾಗಿಲಲ್ಲಿ ಸಾತವ್ವ, ಅವಳ ಪಕ್ಕ ಪೊಲೀಸಿನವನು.

"ಇದು ನಿನ್ನ ಕೈಗೆ ಹೇಗೆ ಬಂತು?" ಅಧಿಕಾರಿ ಕೇಳಿದರು.

"ನಾನ ತಗೊಂಡೀನ್ರೀ. ನಮ್ಮ ಮನಿಯವರಿಗೆ ಗೊತ್ತಿಲ್ಲ. ಏನ ಮಾಡೂದಿದ್ರೂ ನನಗ ಮಾಡ್ರಿ."

ಅಧಿಕಾರಿ ನಕ್ಕು ಹುದ್ದಾರ ಮಾಸ್ತರರ ಕಡೆ ತಿರುಗಿದರು. "ಮಾಸ್ತರೇ, ಗುಂಡು ಕದ್ದದ್ದರಿಂದ ಹೀಗಾಯಿತು ಎಂದು ಬರೆದುಕೊಡಿ. ಆ ಭರಮಪ್ಪನನ್ನು ನಾವು ನೋಡಿಕೊಳ್ಳುತ್ತೇವೆ. ನಿಮಗೆ ಏನೂ ಆಗದು."

ಮಾಸ್ತರರ ಮುಂದೆ ಹಾಳೆ ಇತ್ತು, ಕೈಯಲ್ಲಿ ಪೆನ್ನಿತ್ತು. ಬರೆದರೆ ಅವರ ನೌಕರಿ ಉಳಿಯುತ್ತಿತ್ತು. ಅವರು ನನ್ನ ಮೇಲಿನ ಹುಣಸೆಯ ಕಲೆಯನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕೂತರು. ಆ ಬೆರಳು ಬೆವೆತಿತ್ತು. ಬರೆಯಬೇಡಿ ಮಾಸ್ತರ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ತಪ್ಪು ಚೀಟಿ ಬರದಾಂವ ನಾನು" ಎಂದರು ಕೊನೆಗೆ. "ಗುಂಡು ಯಾರೂ ಕದ್ದಿಲ್ಲ. ಬಂದ ಗುಂಡು ಕೇಳಿ ಇಸಗೊಳ್ಳೂದು ಮಾಸ್ತರನ ಕೆಲಸ. ಆತ ಬಾಗಲದಾಗ ನಿಂತಿದ್ದ. ಸಿಟ್ಟಿನಾಗ ನಾ ಕೇಳಲಿಲ್ಲ. ಅದು ಅವನ ಹೆಗಲ ಮ್ಯಾಲ ಉಳೀತು. ಹಂಗ ಬರಕೊಳ್ರಿ."

ಸಾತವ್ವ ಅವರ ಕಡೆ ನೋಡಿ ಕೈ ಮುಗಿದಳು. ಮಾಸ್ತರರು ನನ್ನನ್ನು ಎತ್ತಿ ಕೆಂಪು ಪೆಟ್ಟಿಗೆಗೆ ಹಾಕಿದರು. ಗಂಟೆ ಮೊಳಗಿತು.

ಆ ತಿಂಗಳು ಮುಗಿಯುವುದರೊಳಗೆ ಮುಷ್ಕರವೂ ಮುರಿದುಬಿತ್ತು. ಭರಮಪ್ಪನ ಮೇಲೆ ಕಳವಿನ ಮಾತು ಬರಲಿಲ್ಲ, ಆದರೆ ಮುಷ್ಕರಕ್ಕೆ ಹೋದನೆಂದು ಅವನನ್ನು ಕೆಲಸದಿಂದ ತೆಗೆದರು. ಕ್ವಾರ್ಟರ್ಸ್ ಬಿಟ್ಟು ಹೊರಟಾಗ ಸಾತವ್ವ ಒಡೆದ ಮಡಕೆಯ ಜಾಗವನ್ನೂ ಸಾರಿಸಿ ಹೋದಳಂತೆ. ಅವನು ಹುಬ್ಬಳ್ಳಿಯ ಪೇಟೆಯಲ್ಲಿ ಮೂಟೆ ಹೊತ್ತ, ಅವಳು ರೊಟ್ಟಿ ಬಡಿದು ಮಾರಿದಳು. ಹುದ್ದಾರ ಮಾಸ್ತರರ ದರ್ಜೆ ಇಳಿಸಿ ಬಿಳಿಹಳ್ಳಕ್ಕೆ ಹಾಕಿದರು. ಸರಕಾರಕ್ಕೆ ನಿಷ್ಠರಾಗಿ ಉಳಿದವರಿಗೆ ಇದು ಬಹುಮಾನ. ನನಗಂತೂ ಹೊಟ್ಟೆ ಉರಿಯಿತು.

ಎಪ್ಪತ್ತೇಳರಲ್ಲಿ ಸರಕಾರ ಬದಲಾಯಿತು, ತೆಗೆದವರನ್ನು ಮತ್ತೆ ಕೆಲಸಕ್ಕೆ ಕರೆದರು. ಭರಮಪ್ಪ ಕರಡಿಗಟ್ಟಿಗೆ ಬಂದ. ಮೊದಲ ದಿನ ನನ್ನನ್ನು ಕೈಗೆ ತೆಗೆದುಕೊಂಡವನು ಕಪ್ಪು ಕಲೆಯನ್ನು ಹುಡುಕಿ ನೋಡಿದ. ಇಲ್ಲಿ ಅವನು, ಅಲ್ಲಿ ಮಾಸ್ತರರು, ನಡುವೆ ಓಡಾಡುವವನು ನಾನು. ಆದರೂ ಅವರಿಬ್ಬರೂ ಭೇಟಿಯಾಗಲಿಲ್ಲ. ಒಬ್ಬನಿಗೆ ನಾಚಿಕೆ, ಇನ್ನೊಬ್ಬರಿಗೆ ಸಂಕೋಚ. ಸಾತವ್ವ ಮಾತ್ರ ಬಿಡಲಿಲ್ಲ. ಗಂಡ ಡ್ಯೂಟಿ ಮುಗಿಸಿ ಮನೆಗೆ ಬಂದೊಡನೆ, "ಗುಂಡು ಕೊಟ್ರ್ಯೋ ಇಲ್ಲೋ? ಹೆಗಲ ನೋಡ್ಕೋರಿ" ಎಂದು ಕಾಡಿಸುತ್ತಿದ್ದಳಂತೆ.

ಮಾಸ್ತರರು ನಿವೃತ್ತರಾಗುವ ದಿನ ಬಂತು. ಸಾತವ್ವ ಬೆಳಿಗ್ಗೆಯೇ ಒಂದು ಗಡಿಗೆ ಮೊಸರು ಗಂಡನ ಕೈಗಿಟ್ಟು, "ಹೋಗಿ ಬರ್ರಿ. ಇನ್ನೂ ಅವರ ಕೇಳಲಿ ಅಂತ ಕುಂದರಬ್ಯಾಡ್ರಿ" ಎಂದಳು. ಭರಮಪ್ಪ ಎಂಜಿನ್ನು ಹತ್ತಿ ಬಿಳಿಹಳ್ಳಕ್ಕೆ ಬಂದ. ಹೊಸ ಡ್ರೈವರ್ ನನ್ನನ್ನು ಅವನಿಗೇ ಕೊಟ್ಟು, "ನೀವ ಕೊಡಹೋಗ್ರಿ" ಎಂದ. ಅವನು ಬಳೆಯನ್ನು ಹೆಗಲಿಗೇರಿಸಿ, ಮೊಸರಿನ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು, ಬಾಗಿಲಿಗೆ ಬಂದು ನಿಂತ. ಒಳಗೆ ಬೆಳ್ಳಗಾದ ತಲೆಯ ಮಾಸ್ತರರು ಬರೆಯುತ್ತಿದ್ದರು. ಹೆಜ್ಜೆಯ ಸದ್ದಿನಲ್ಲೇ ಗುರುತು ಹತ್ತಿರಬೇಕು, ಪೆನ್ನು ನಿಂತಿತು. ತಲೆ ಎತ್ತಲಿಲ್ಲ. ಎಡಗೈ ಮುಂದೆ ಬಂತು.

"ಹೂಂ, ಕೊಡು."

ಭರಮಪ್ಪ ಕೊಟ್ಟ. ಆದರೆ ಬಿಡಲಿಲ್ಲ. ಮಾಸ್ತರರೂ ಹಿಡಿದದ್ದನ್ನು ಎಳೆದುಕೊಳ್ಳಲಿಲ್ಲ. ಎರಡು ಮುದಿ ಕೈಗಳ ನಡುವೆ ನಾನು ಬೆಚ್ಚಗೆ ಇದ್ದೆ. ಹೊರಗೆ ಡ್ರೈವರ್ ಸಿಳ್ಳು ಹಾಕಿದರೂ ಅವರಿಗೆ ಕೇಳಿಸಲಿಲ್ಲ.

ಈಗ ಆ ಹಾದಿಗೆ ಎರಡು ಹಳಿ ಬಂದಿವೆ, ಗುಂಡಿನ ಕೆಲಸ ಮುಗಿದಿದೆ. ಒಂದು ರೈಲ್ವೆ ಕಚೇರಿಯ ಗಾಜಿನ ಕಪಾಟಿನಲ್ಲಿ ನನ್ನನ್ನು ಕೂರಿಸಿದ್ದಾರೆ. ನೋಡಲು ಬಂದವರು ನನ್ನ ಕಲೆ ನೋಡಿ ತುಕ್ಕು ಹಿಡಿದಿದೆ ಎನ್ನುತ್ತಾರೆ. ಅನ್ನಲಿ. ನನಗೆ ತಿಳಿದದ್ದು ಇಷ್ಟೇ: ಒಬ್ಬರು ಬಾಯಿಬಿಟ್ಟು ಕೇಳಬೇಕು, ಇನ್ನೊಬ್ಬರು ಕೈಯೆತ್ತಿ ಕೊಡಬೇಕು. ಅಷ್ಟಾದರೆ ಎದುರು ಬದುರಿನ ಗಾಡಿಗಳೂ ಕ್ಷೇಮವಾಗಿ ಮನೆ ಸೇರುತ್ತವೆ. ಕಪಾಟಿನ ಬಾಗಿಲು ತೆರೆದು ಧೂಳು ಒರೆಸುವಾಗಲೆಲ್ಲ ಆ ಎಡಗೈ ಬಂತೇನೋ ಎಂದು ನಾನು ಇವತ್ತಿಗೂ ಕಾಯುತ್ತೇನೆ.